ಕೆಂಪು ದಾರದ ಎಂಟು ಕುರಿಗಳು

"ಅಲ್ಲೇ ನಿಂದ್ರಿ. ಒಂದು ಹೆಜ್ಜಿ ಮುಂದ ಬರಬ್ಯಾಡ್ರಿ."

ನಾಗಲಕ್ಷ್ಮಿ ತಲೆಯೆತ್ತದೆ ಹೇಳಿದಳು. ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು, ಕೈಯಲ್ಲಿ ಪಿಪೆಟ್ ಇತ್ತು. ಎದುರಿನ ಸ್ಟ್ಯಾಂಡಿನಲ್ಲಿ ಗಾಜಿನ ಕೊಳವೆಗಳು ಸಾಲಾಗಿ ನಿಂತಿದ್ದವು. ಈ ದ್ರಾವಣ ಹಾಕಿದ ಮೇಲೆ ಸರಿಯಾಗಿ ಇಪ್ಪತ್ತು ನಿಮಿಷ ಕಾಯಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಈ ಹೊತ್ತಿನಲ್ಲಿ ಯಾರಾದರೂ ಒಳಗೆ ಬಂದು ಮೇಜಿಗೆ ಕೈ ತಾಗಿಸಿದರೆ ಎರಡು ದಿನದ ಕೆಲಸ ಹೋದಂತೆ.

ಬಾಗಿಲಲ್ಲಿದ್ದ ನೆರಳು ನಿಂತಿತು.

ಆಮೇಲೆ ಅವಳು ಅದನ್ನು ಮರೆತೇಬಿಟ್ಟಳು. ಇಪ್ಪತ್ತು ನಿಮಿಷ ಮುಗಿಯಿತು. ಆ್ಯಸಿಡ್ ಹಾಕಿದಳು. ಕೊನೆಯ ದ್ರಾವಣ ಬೆರೆಸಿ ಕೊಳವೆಗಳನ್ನು ಬಿಸಿನೀರಿನ ತೊಟ್ಟಿಗೆ ಇಳಿಸಿದಳು. ಬೆನ್ನು ನೆಟ್ಟಗೆ ಮಾಡಿ ತಿರುಗಿದಾಗ...

ಅವನು ಅಲ್ಲೇ ನಿಂತಿದ್ದ. ಎರಡೂ ಕೈಯಲ್ಲಿ ನೀಲಿ ಐಸ್ ಪೆಟ್ಟಿಗೆ. ಹಣೆಯ ಮೇಲೆ ಬೆವರು. ತೋಳಿನ ನರಗಳು ಬಿಗಿದಿದ್ದವು.

"ಅದನ್ನ ಕೆಳಗ ಇಡಬಹುದಿತ್ತಲ್ರಿ?"

"ಇಡ್ರಿ ಅಂತ ನೀವು ಹೇಳಲಿಲ್ರಿ."

ಅದು ಮರ್ಯಾದೆಯೋ ಕುಚೇಷ್ಟೆಯೋ ಅವಳಿಗೆ ತಿಳಿಯಲಿಲ್ಲ. ಅವನ ಮುಖದಲ್ಲಿ ಎರಡಕ್ಕೂ ಸಾಕ್ಷಿ ಇರಲಿಲ್ಲ. ನಗು ಬಂತು, ತಡೆದುಕೊಂಡಳು. ತುಂಬ ದಿನಗಳ ಮೇಲೆ ತಡೆದುಕೊಳ್ಳಬೇಕಾದಂಥ ನಗು ಬಂದಿತ್ತು ಎನ್ನುವುದು ಅವಳಿಗೆ ಆಮೇಲೆ ಹೊಳೆಯಿತು.

ಅವನ ಹೆಸರು ಮೌನೇಶ. ಶಿರವಾಳದ ಕುರಿ ಸಾಕುವ ಮನೆಯವನು. ಬಿ.ಎ. ಮುಗಿಸಿದ್ದ. ಶಹಾಪುರದ ಹೊರಗಿನ ಆ ಸಣ್ಣ ಪಶು ಸಂಶೋಧನಾ ಕೇಂದ್ರದಲ್ಲಿ ನಾಗಲಕ್ಷ್ಮಿ ತನ್ನ ಪಿಎಚ್‌ಡಿಗೆ ನಡೆಸುತ್ತಿದ್ದ ಕೆಲಸಕ್ಕೆ ಅವನನ್ನು ಕ್ಷೇತ್ರ ಸಹಾಯಕನಾಗಿ ತೆಗೆದುಕೊಂಡಿದ್ದರು.

ಕೆಲಸ ಇಷ್ಟೇ. ಉಣ್ಣೆ ಕತ್ತರಿಸುವಾಗ ಕತ್ತರಿ ತಾಗಿ ಕುರಿಯ ಮೈಮೇಲೆ ಗಾಯಗಳಾಗುತ್ತವೆ. ಕುರುಬರ ಮನೆಗಳಲ್ಲಿ ಅದಕ್ಕೊಂದು ಎಣ್ಣೆ ಕಾಯಿಸುತ್ತಾರೆ. ಬೇವಿನೆಣ್ಣೆಯಲ್ಲಿ ಹೊಲದ ಬದುವಿನ ಸೊಪ್ಪು ಹಾಕಿ ಕುದಿಸಿದ್ದು. ಅದರಿಂದ ಗಾಯ ನಿಜಕ್ಕೂ ಬೇಗ ಮಾಯುತ್ತದೆಯೇ? ಇಷ್ಟನ್ನು ಅಳೆದು ತೋರಿಸಬೇಕಿತ್ತು. ಉಣ್ಣೆ ಕತ್ತರಿಸುವ ಕಾಲ ಬರುವವರೆಗೆ ಕೈ ಪಳಗಲೆಂದು ಬೇರೆ ಕುರಿಗಳ ಚರ್ಮದ ಚೂರುಗಳನ್ನು ಅವನು ವಾರವಾರ ತರುತ್ತಿದ್ದ.

"ಅಳೆಯೋದು ಹೆಂಗ್ರಿ ಮೇಡಂ?" ಎಂದು ಅವನು ಮುಂದಿನ ವಾರ ಬಂದಾಗ ಕೇಳಿದ.

ಅವಳು ಹೇಳಿದಳು. ಗಾಯ ಮಾಯುವಾಗ ಚರ್ಮ ತನ್ನೊಳಗೇ ಒಂದು ನೂಲು ನೇಯುತ್ತದೆ. ಆ ನೂಲಿನಲ್ಲಿ ಹೈಡ್ರಾಕ್ಸಿಪ್ರೋಲಿನ್ ಎನ್ನುವ ಒಂದು ಅಮೈನೊ ಆಮ್ಲ ಹೇರಳವಾಗಿರುತ್ತದೆ, ಮೈಯ ಬೇರೆ ಕಡೆ ಅದು ಇರುವುದು ಅಪರೂಪ. ಅಕ್ಕಿಕಾಳಿನಷ್ಟು ಚರ್ಮ ತೆಗೆದು, ಒಣಗಿಸಿ ತೂಗಿ, ಆ್ಯಸಿಡ್ಡಿನಲ್ಲಿ ಕರಗಿಸಿ, ದ್ರಾವಣಗಳನ್ನು ಹಾಕಿದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಗಾಯ ಹೆಚ್ಚು ಮಾಯ್ದಿದೆ ಎಂದರ್ಥ. ಎಷ್ಟು ಗಾಢ ಎನ್ನುವುದನ್ನು ಯಂತ್ರ ಅಂಕಿಯಲ್ಲಿ ಹೇಳುತ್ತದೆ.

ಮೌನೇಶ ಕೊಳವೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ಅಂದ್ರ... ಮ್ಯಾಲೆ ಮಾಯ್ದಂಗ ಕಂಡ್ರೂ, ಒಳಗ ಖರೇ ಮಾಯ್ದದೋ ಇಲ್ಲೋ ಅಂತ ಇದು ಹೇಳ್ತದ."

ನಾಗಲಕ್ಷ್ಮಿ ಕೊಳವೆಯನ್ನು ಅವನ ಕೈಯಿಂದ ತೆಗೆದು ಸ್ಟ್ಯಾಂಡಿಗೆ ಇಟ್ಟಳು. ಹೂಂ ಎಂದಷ್ಟೇ ಅಂದಳು.

ಅವಳೊಳಗೂ ಒಂದು ಗಾಯವಿತ್ತು. ಎರಡು ವರ್ಷದ ಹಿಂದೆ ಒಂದು ಸಂಬಂಧ ನಿಶ್ಚಯವಾಗಿ ಮುರಿದಿತ್ತು. ಹುಡುಗ ರಾಯಚೂರಿನಲ್ಲಿ ಕಾಯಂ ನೌಕರಿ ಎಂದಿದ್ದ. ನೌಕರಿಯೇ ಇರಲಿಲ್ಲ. ಇಲ್ಲದ್ದಕ್ಕೆ ಅವಳಿಗೆ ನೋವಾಗಿರಲಿಲ್ಲ. ನಾಲ್ಕು ತಿಂಗಳು ದಿನಾಲೂ ಫೋನಿನಲ್ಲಿ ಅವನು ಆಫೀಸಿನ ಕಥೆ ಹೇಳಿದ್ದ. ಸಾಹೇಬರು ಬೈದದ್ದು, ಜೊತೆಯವರು ಡಬ್ಬಿ ಹಂಚಿಕೊಂಡದ್ದು. ಇವಳು ಕೇಳಿ ನಕ್ಕಿದ್ದಳು, ಮರುಗಿದ್ದಳು. ಇಲ್ಲದ ಆಫೀಸಿಗಾಗಿ ಮರುಗಿದ ಆ ನಾಲ್ಕು ತಿಂಗಳು ಅವಳಿಗೆ ಇವತ್ತಿಗೂ ನಾಚಿಕೆ ತರುತ್ತಿತ್ತು.

ಮೌನೇಶ ಕಥೆ ಹೇಳುವವನಲ್ಲ. ಅವನ ಮಾತು ಕಡಿಮೆ. ಪೆಟ್ಟಿಗೆ ಕೊಟ್ಟು, ಚಹಾ ಕುಡಿದು, ಬಸ್ಸಿನ ಹೊತ್ತಾಯಿತು ಎಂದು ಎದ್ದು ಹೋಗುತ್ತಿದ್ದ. ಆದರೆ ಅವನು ಹೋದ ಮೇಲೆ ಲ್ಯಾಬಿನಲ್ಲಿ ಉಳಿಯುತ್ತಿದ್ದ ನಿಶ್ಶಬ್ದ ಮೊದಲಿನಂತೆ ಇರುತ್ತಿರಲಿಲ್ಲ. ಅದರಲ್ಲಿ ಯಾರೋ ಕೂತು ಎದ್ದುಹೋದ ಬಿಸಿ ಇರುತ್ತಿತ್ತು.

'ಇವನ ಎದುರು ಸುಮ್ಮನೆ ಇರಬಹುದು' ಎಂದು ಒಂದು ದಿನ ಅವಳಿಗನ್ನಿಸಿತು. 'ಸುಮ್ಮನಿದ್ದರೂ ಏನೂ ಕಮ್ಮಿ ಆಗುವುದಿಲ್ಲ.'

ಆ ಯೋಚನೆಗೆ ಅವಳೇ ಹೆದರಿದಳು.

*

ಉಣ್ಣೆ ಕತ್ತರಿಸಿದ ದಿನ ನಾಗಲಕ್ಷ್ಮಿ ಶಿರವಾಳಕ್ಕೆ ಹೋಗಿದ್ದಳು. ಗಾಯವಾದ ಕುರಿಗಳಲ್ಲಿ ಹದಿನಾರನ್ನು ಆರಿಸಿ ಬೇರೆ ಹಟ್ಟಿಯಲ್ಲಿ ನಿಲ್ಲಿಸಿದರು. ಎಂಟರ ಕೊರಳಿಗೆ ಕೆಂಪು ದಾರ, ಅವಕ್ಕೆ ಎಣ್ಣೆ. ಎಂಟರ ಕೊರಳಿಗೆ ಬಿಳಿ ದಾರ, ಅವಕ್ಕೆ ಬರೀ ಉಪ್ಪುನೀರು. ದಾರಕ್ಕೆ ನಂಬರಿನ ಬಿಲ್ಲೆ. ದಾರದುಂಡೆಗಳನ್ನು ಅವಳೇ ಸುರಪುರದ ಅಂಗಡಿಯಿಂದ ತಂದಿದ್ದಳು. ಮೌನೇಶನ ತಾಯಿ ಮಾಳಮ್ಮ ದೂರ ಕೂತು ನೋಡುತ್ತಿದ್ದಳು. ಏನೋ ಹೇಳಬೇಕೆಂದು ಬಾಯಿ ತೆರೆದು, ಓದಿದ ಹುಡುಗಿಗೆ ಏನು ಹೇಳುವುದೆಂದು ಸುಮ್ಮನಾದಂತೆ ಕಂಡಿತು. ಮೌನೇಶನ ತಂಗಿ ಶಿವಲೀಲಾ ಮಾತ್ರ ಕುರಿಗೊಂದು ತಮಾಷೆ ಮಾಡುತ್ತ ಒಂದೊಂದನ್ನೇ ಹಿಡಿದು ಕೊಟ್ಟಿದ್ದಳು.

ಮೌನೇಶ ದಿನಾಲೂ ಎಣ್ಣೆ ಹಚ್ಚಬೇಕು. ಏಳನೇ ದಿನ, ಹದಿನಾಲ್ಕನೇ ದಿನ ಪಶುವೈದ್ಯ ಅಯಾಜ್ ಬಂದು ಮರಗಟ್ಟಿಸುವ ಸೂಜಿ ಕೊಟ್ಟು ಚೂರು ಚರ್ಮ ತೆಗೆಯುತ್ತಾರೆ. ಮೌನೇಶ ಕುರಿ ಹಿಡಿದು, ಸೀಸೆಗಳ ಮೇಲೆ ನಂಬರು ಬರೆದು, ರಿಜಿಸ್ಟರಿಗೆ ಸಹಿ ಹಾಕಿ ತರಬೇಕು.

ಏಳನೇ ದಿನದ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿದಾಗ ನಾಗಲಕ್ಷ್ಮಿ ಬಗ್ಗಿ ನೋಡಿದಳು. ಕೆಂಪು ದಾರದ ಎಂಟೂ ಗಾಢ ಗುಲಾಬಿ. ಬಿಳಿ ದಾರದ ಎಂಟೂ ತೆಳು. ಯಂತ್ರಕ್ಕೆ ಹಾಕುವ ಮೊದಲೇ ಬರಿಗಣ್ಣಿಗೆ ಕಾಣುತ್ತಿತ್ತು.

ಅವತ್ತು ಮೌನೇಶ ಮೊದಲ ಬಾರಿ ಪೂರ್ತಿ ನಕ್ಕ. ಅಜ್ಜಿಯ ಕಾಲದ ಎಣ್ಣೆ ಸುಳ್ಳಲ್ಲ ಎಂದು ಊರಿಗೆ ಹೇಳಬಹುದಲ್ಲ ಎಂದ. ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ನಡೆದರು. ಬಸ್ಸು ಬಂದಾಗ ಅವನು ಹತ್ತಲಿಲ್ಲ, ಮುಂದಿನದಕ್ಕೆ ಹೋಗುತ್ತೇನೆ ಎಂದ. ಹಾಗೆ ಮೂರು ಬಸ್ಸು ಬಿಟ್ಟ.

*

ಹದಿನಾಲ್ಕನೇ ದಿನದ ಕೊಳವೆಗಳು ಅವಳನ್ನು ಕುಸಿಯುವಂತೆ ಮಾಡಿದವು.

ಕೆಂಪು ದಾರದ ಮೂರನೇ ನಂಬರಿನ ಕುರಿಯ ಅಂಕಿ ಏಳನೇ ದಿನ ನಲವತ್ತೊಂದು ಇತ್ತು. ಈಗ ಮೂವತ್ತೈದು. ಬಿಳಿ ದಾರದ ಐದನೇ ನಂಬರಿನದು ಇಪ್ಪತ್ನಾಲ್ಕು ಇದ್ದದ್ದು ಒಮ್ಮೆಲೇ ಅರವತ್ತೆರಡಕ್ಕೆ ಹಾರಿತ್ತು. ಗುಲಾಬಿ ಬಣ್ಣ ಸಾಲಿನ ತುಂಬ ಚೆಲ್ಲಾಪಿಲ್ಲಿಯಾಗಿತ್ತು.

ಗಾಯ ಹಿಂದಕ್ಕೆ ಮಾಯುವುದಿಲ್ಲ. ನೇಯ್ದ ನೂಲು ಒಂದು ವಾರದಲ್ಲಿ ಹೀಗೆ ಬಿಚ್ಚಿಹೋಗುವುದಿಲ್ಲ.

ಮೊದಲು ಅವಳು ತನ್ನ ಕೈಯನ್ನೇ ಅನುಮಾನಿಸಿದಳು. ದ್ರಾವಣಗಳನ್ನು ಹೊಸದಾಗಿ ಮಾಡಿದಳು. ಉಳಿಸಿಟ್ಟಿದ್ದ ಅರ್ಧ ಭಾಗದಲ್ಲಿ ಮತ್ತೊಮ್ಮೆ ಅಳೆದಳು. ಅದೇ ಅಂಕಿಗಳು. ಅಂದರೆ ಬಣ್ಣ ಸುಳ್ಳು ಹೇಳುತ್ತಿಲ್ಲ. ಸೀಸೆಯ ಮೇಲಿನ ನಂಬರು ಸುಳ್ಳು ಹೇಳುತ್ತಿದೆ.

ನಂಬರು ಬರೆದವನು ಮೌನೇಶ.

ಬುಧವಾರ ಅವನು ಕರೆಯದೇ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ತಲೆ ಬಾಚಿದ್ದ. ಅವಳಿಗೆ ಅದೇನೂ ಕಾಣಲಿಲ್ಲ. ಸೀಸೆ ಹಿಡಿದುಕೊಂಡೇ ಎದುರು ಬಂದು ನಿಂತಳು.

"ಹದಿನಾಲ್ಕನೇ ದಿನ ಕುರಿ ಹಿಡಿದವರು ಯಾರು?"

ಅವನು ಏನೋ ಹೇಳಲು ಹೊರಟವನು ನಿಂತ. ಅವಳ ಮುಖ ನೋಡಿದ, ಸೀಸೆ ನೋಡಿದ.

"ಯಾಕ್ರಿ, ಏನಾತು?"

"ಮೊದಲ ಇದನ್ನ ಹೇಳ್ರಿ. ನೀವೇ ಇದ್ರೀ, ಹೌದಿಲ್ಲೋ?"

ದೊಡ್ಡ ಮೌನ... ಅವಳಿಗೆ ಇಷ್ಟವಾಗಿದ್ದ ಮೌನ ಇದಲ್ಲ. ಇದು ಬಾಗಿಲು ಹಾಕಿಕೊಳ್ಳುವಂಥದ್ದು.

"ರಿಜಿಸ್ಟರಿನಾಗ ಸಹಿ ನಂದೇ ಅದ್ರಿ," ಎಂದ ಅವನು.

ಅವಳು ಅಂಕಿಗಳ ಹಾಳೆ ಮುಂದಿಟ್ಟಳು. ಅವನು ಓದಿದ. ಬಣ್ಣಗೆಟ್ಟ ಮುಖದಿಂದ, ಇದು ಹೇಗಾಯಿತೋ ತಿಳಿಯುತ್ತಿಲ್ಲ ಎಂದ. ಮತ್ತೇನೂ ಹೇಳದೆ ಹೊರಟುಹೋದ.

ಆ ಸಂಜೆ ಅವಳು ವೈದ್ಯ ಅಯಾಜ್‌ಗೆ ಫೋನ್ ಮಾಡಿದಳು. ಸೂಜಿ, ಔಷಧಿ ಎಂದು ಏನೇನೋ ಮಾತಾಡಿ ಕೊನೆಗೆ ಕೇಳಿದಳು. ಅವರು ಸಹಜವಾಗಿಯೇ ಹೇಳಿದರು. ಅವತ್ತು ಮೌನೇಶ ಊರಲ್ಲೇ ಇರಲಿಲ್ಲ. ಬೆಳಗಿನ ಮೊದಲ ಬಸ್ಸಿಗೇ ಎಲ್ಲಿಗೋ ಹೋಗಿದ್ದ. ಕುರಿ ಹಿಡಿದು ನಂಬರು ಬರೆದವಳು ಅವನ ತಂಗಿ.

ಫೋನ್ ಇಟ್ಟ ಮೇಲೆ ಅವಳು ಅದೇ ಜಾಗದಲ್ಲಿ ಕೂತಿದ್ದಳು. 'ಇಲ್ಲದ ಆಫೀಸಿನ ಕಥೆ ಹೇಳಿದ ಒಬ್ಬ. ಇಲ್ಲದ ಜಾಗದಲ್ಲಿ ಸಹಿ ಹಾಕಿದ ಇನ್ನೊಬ್ಬ.' ಅತ್ತರೆ ಹಗುರಾಗುತ್ತಿತ್ತೇನೋ. ಅಳು ಬರಲಿಲ್ಲ.

ಅವಳು ವರದಿ ತೆರೆದು ಒಂದು ಸಾಲು ಬರೆದಳು. ಕ್ಷೇತ್ರ ಸಹಾಯಕರು ಸುಳ್ಳು ಸಹಿ ಹಾಕಿ ಮಾದರಿಗಳನ್ನು ಅದಲುಬದಲು ಮಾಡಿರುವುದರಿಂದ ಈ ಪ್ರಯೋಗವನ್ನು ಕೈಬಿಡಲಾಗಿದೆ. ಸೋಮವಾರ ಇದು ಮೇಲಿನವರಿಗೆ ಹೋಗುತ್ತದೆ. ಆಮೇಲೆ ಮೌನೇಶನಿಗೆ ಈ ಕೆಲಸ ಇರುವುದಿಲ್ಲ. ಅದು ಸಣ್ಣ ಮಾತು. ಅಲ್ಲಿಂದ ಮುಂದೆ ಅವನ ಹೆಸರಿನ ಮುಂದೆ ಈ ಸಾಲು ಇರುತ್ತದೆ. ಅವನಿಗೂ ತನಗೂ ನಡುವೆ ಬೇರೇನೂ ಇರುವುದಿಲ್ಲ.

ಸಾಲನ್ನು ಹತ್ತು ಸಲ ಓದಿದಳು. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೂ ಎದೆ ಒಪ್ಪಲಿಲ್ಲ.

*

ಅವಳ ಮಾರ್ಗದರ್ಶಕರು ಕುಬ್ರಾಬೇಗಂ ಮೇಡಂ. ಮೂವತ್ತು ವರ್ಷ ಇದೇ ಬಣ್ಣಗಳ ನಡುವೆ ಕೂದಲು ಬೆಳ್ಳಗಾದವರು. ಶನಿವಾರ ಅವರು ವರದಿಯ ಕರಡು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬೇಟಾ, ಕುರಿ ನೋಡಿ ಬಂದಿಯೇನು?"

ಇಲ್ಲ, ಅಂಕಿಗಳಷ್ಟೇ ನೋಡಿದೆ, ಅವೇ ಸಾಕಲ್ಲ ಎಂದಳು ನಾಗಲಕ್ಷ್ಮಿ.

"ಕೊಳವಿ ಅಷ್ಟೇ ನೋಡಿದಿ. ಕುರಿ ಅದಲುಬದಲಾಗ್ಯಾವ ಅಂತ ಬಣ್ಣ ಹೇಳ್ತದ, ಖರೇ. ಯಾರು ಮಾಡಿದ್ರು, ಯಾಕ ಮಾಡಿದ್ರು ಅಂತ ಬಣ್ಣ ಹೇಳಂಗಿಲ್ಲ. ಅದನ್ನ ನೀ ನಿನ್ನ ಮನಸಿಂದ ಬರದಿ."

ಅವರು ಬೈಯಲಿಲ್ಲ. ಕರಡನ್ನು ವಾಪಸು ಅವಳ ಕಡೆಗೆ ಸರಿಸಿದರು, ಅಷ್ಟೇ.

ಭಾನುವಾರ ಬೆಳಿಗ್ಗೆ, ಕುರಿಗಳು ಮೇಯಲು ಹೊರಡುವ ಮೊದಲೇ ಅವಳು ಶಿರವಾಳದಲ್ಲಿ ಬಸ್ಸಿಳಿದಳು. ಅಂಕಿಗಳ ಹಾಳೆಯನ್ನು ಬೇಕೆಂದೇ ಲ್ಯಾಬಿನಲ್ಲಿ ಬಿಟ್ಟು ಬಂದಿದ್ದಳು.

ಹಟ್ಟಿಯಲ್ಲಿ ಮೌನೇಶ ಮರಿಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಕಾಲಿನ ಮುಳ್ಳು ತೆಗೆಯುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ. ಬರ್ರಿ ಎಂದ. ಮತ್ತೆ ಕೂತು ಮುಳ್ಳಿನ ಕಡೆ ತಿರುಗಿದ. ಅವನ ಕಿವಿಯ ತುದಿ ಕೆಂಪಾಗಿತ್ತು.

ಮಾಳಮ್ಮ ನೀರಿನ ಚರಗಿ ತಂದುಕೊಟ್ಟಳು. ಅವಳ ಮುಖದಲ್ಲಿ ಕಳವಳ.

"ತಂಗಿ, ಆ ಕೆಂಪು ದಾರ ಮತ್ತ ಕಟ್ಟಾಕ ಬಂದೀಯೇನು?"

"ಇಲ್ರಿ ಯವ್ವಾ. ಯಾಕ?"

"ಹಂಗಾದ್ರ ಚಲೋ ಆತು ಬಿಡು." ಮಾಳಮ್ಮ ನಿರಾಳವಾಗಿ ಕಂಬಕ್ಕೆ ಒರಗಿದಳು. "ನೀ ಕಟ್ಟಿದಾಗ ನನಗ ಹೇಳಾಕ ಬಾಯಿ ಬರಲಿಲ್ಲ. ಕೆಂಭಾವಿ ಸಂತಿಯಾಗ ಕುರಿ ಮಾರಿದ ಕೂಡಲೇ ಕೊಂಡಾಂವ ಕೆಂಪು ಬಣ್ಣ ಹಚ್ಚತಾನ. ಕೆಂಪು ಅಂದ್ರ ಕಡಿಯಾಕ ಹೋಗೋ ಕುರಿ. ಆ ಎಂಟರಾಗ ಐದು ಮರಿಗೆ ಹಾಲು ಕುಡಸೋವು. ಅಮಾಸಿ ದಿನ ಅವುಗಳ ಮ್ಯಾಲೆ ಆ ಗುರ್ತು ಇರಬಾರದು. ಅದಕ್ಕ ಆವತ್ತು ನಸುಕಿನ್ಯಾಗ ಐದರದೂ ಬಿಚ್ಚಿ ಬಿಳಿ ದಾರದವಕ್ಕ ಕಟ್ಟಿದೆ. ಬಿಳೀದು ತಂದು ಇವಕ್ಕ ಕಟ್ಟಿದೆ. ನಿನ್ನ ದಾರ ಒಂದೂ ಕೆಡಿಸಿಲ್ಲವ್ವ."

ನಾಗಲಕ್ಷ್ಮಿ ಚರಗಿ ಕೆಳಗಿಟ್ಟು ದಿನ ಎಣಿಸಿದಳು. ಆ ಅಮಾವಾಸ್ಯೆ ಹದಿನಾಲ್ಕನೇ ದಿನವೇ ಇತ್ತು.

ಮೌನೇಶ ಮರಿಯನ್ನು ಕೆಳಗೆ ಬಿಟ್ಟು ತಾಯಿಯ ಕಡೆ ನೋಡುತ್ತಿದ್ದ. ಅವನಿಗೂ ಇದು ಮೊದಲ ಸಲ ಕೇಳಿದ ಮಾತು ಎನ್ನುವುದು ಅವನ ಮುಖದಲ್ಲೇ ಇತ್ತು.

ಅವನು ನಸುಕಿನಲ್ಲೇ ಬಸ್ಸು ಹತ್ತಿದ್ದ. ಶಿವಲೀಲಾ ದಾರದ ಬಿಲ್ಲೆ ನೋಡಿ ನಂಬರು ಬರೆದಿದ್ದಳು, ನಾಗಲಕ್ಷ್ಮಿ ಕೊಟ್ಟಿದ್ದ ಸೂಚನೆಯ ಹಾಳೆಯಲ್ಲಿ ಹಾಗೇ ಮಾಡಬೇಕೆಂದಿತ್ತು. ಕೆಲಸ ಮುಗಿಯಿತಲ್ಲ ಎಂದು ಮಧ್ಯಾಹ್ನ ದಾರಗಳನ್ನೆಲ್ಲ ಕತ್ತರಿಸಿ ತೆಗೆದಿದ್ದಳು. ಅವನು ವಾಪಸು ಬಂದಾಗ ಕೊರಳುಗಳು ಬರಿದಾಗಿದ್ದವು.

"ಎಣ್ಣಿ?" ಎಂದಳು ನಾಗಲಕ್ಷ್ಮಿ. "ಎಣ್ಣಿ ದಿನಾಲೂ ದಾರ ನೋಡಿ ಹಚ್ಚತಿದ್ರೇನು?"

ಮೌನೇಶ ಆ ಪ್ರಶ್ನೆಯನ್ನೇ ಅರ್ಥಮಾಡಿಕೊಳ್ಳಲಾರದವನಂತೆ ನೋಡಿದ.

"ದಾರ ಯಾಕ್ರಿ ನೋಡಲಿ? ಅವುಗಳ ಮಾರಿ ನೋಡಿ ಹಚ್ಚತೀನಿ. ನಿಮ್ಮ ಮನಿ ಮಂದೀನ್ನ ನೀವು ನಂಬರ್ ನೋಡಿ ಗುರ್ತ ಹಿಡಿತೀರೇನು?"

ಶಿವಲೀಲಾ ಕಿಸಕ್ಕನೆ ನಕ್ಕಳು. ನಾಗಲಕ್ಷ್ಮಿಗೂ ಒಂದು ಕ್ಷಣ ನಗು ಬಂತು, ಅದರ ಹಿಂದೆಯೇ ಒಂದು ಯೋಚನೆ ಬಂತು. ಅವಳು ಚೀಲದಿಂದ ಎರಡು ಬಿಳಿ ಹಾಳೆ ತೆಗೆದಳು.

ಮೌನೇಶನನ್ನು ಹಟ್ಟಿಯ ಆ ತುದಿಗೆ ಕಳಿಸಿದಳು. ಮೊದಲ ದಿನ ಯಾವ ನಂಬರು ಯಾವ ಕುರಿಗೆ ಕಟ್ಟಿತ್ತು, ಬರೆಯಿರಿ ಎಂದಳು. ಶಿವಲೀಲಾಳನ್ನು ಈ ತುದಿಯಲ್ಲಿ ಕೂರಿಸಿದಳು. ಹದಿನಾಲ್ಕನೇ ದಿನ ಯಾವ ನಂಬರಿಗೆ ಯಾವ ಕುರಿ ಹಿಡಿದಿದ್ದೆ, ಹೇಳು ಎಂದಳು. ಇಬ್ಬರಿಗೂ ಅಂಕಿಗಳು ಗೊತ್ತಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕೇಳಿಸುವಷ್ಟು ಹತ್ತಿರ ಇರಲಿಲ್ಲ.

ಬಿಳಿಗಾಲಿನದು. ಹರಿದ ಕಿವಿಯದು. ಹಣಮಂತ್ರಾಯ ಕಾಕಾ ಕೊಟ್ಟ ಕುರಿಯ ಮಗಳು. ಮೂಗಿನ ಮೇಲೆ ಚುಕ್ಕೆ ಇರುವುದು. ಸದಾ ಹಿಂದುಳಿಯುವುದು. ಹದಿನಾರೂ ಮುಖಗಳು ಇಬ್ಬರ ನಾಲಿಗೆಯಲ್ಲೂ ತಡೆಯಿಲ್ಲದೆ ಬಂದವು.

ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಆರು ಕುರಿಗಳು ಎರಡರಲ್ಲೂ ಒಂದೇ ನಂಬರಿನಲ್ಲಿದ್ದವು. ಹತ್ತು ಬದಲಾಗಿದ್ದವು. ಮಾಳಮ್ಮ ಬೆರಳು ಮಾಡಿ ತೋರಿಸಿದ ಹತ್ತು ಅವೇ.

ಅವಳು ಚಹಾಕ್ಕೂ ನಿಲ್ಲದೆ ಬಸ್ಸಿಗೆ ಓಡಿದಳು. ಮೌನೇಶ ಹಿಂದೆ ಬರಲಿಲ್ಲ. ಏನನ್ನೂ ಕೇಳಲಿಲ್ಲ.

*

ಭಾನುವಾರದ ಲ್ಯಾಬು ಖಾಲಿಯಿತ್ತು. ಅವಳು ಅಂಕಿಗಳನ್ನು ಹೊಸ ಪಟ್ಟಿಯಂತೆ ಒಂದೊಂದಾಗಿ ಜೋಡಿಸಿದಳು. ನಲವತ್ತೊಂದು ಇದ್ದದ್ದು ಅರವತ್ತೆರಡಾಯಿತು. ಇಪ್ಪತ್ನಾಲ್ಕು ಇದ್ದದ್ದು ಮೂವತ್ತೈದಾಯಿತು. ಮೂರನೆಯದೂ ಏರಿತು. ನಾಲ್ಕನೆಯದೂ... ಹದಿನಾರರಲ್ಲಿ ಒಂದೂ ಹಿಂದಕ್ಕೆ ಹೋಗಲಿಲ್ಲ. ಎಣ್ಣೆ ಹಚ್ಚಿದ ಎಂಟೂ ಮೇಲೆ, ಹಚ್ಚದ ಎಂಟೂ ಕೆಳಗೆ.

ಅವಳು ಪೆನ್ನು ಕೆಳಗಿಟ್ಟಳು. ನಾಲ್ಕು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸದ್ದಿಲ್ಲದೆ ಇಳಿದುಹೋಯಿತು. ಬುಧವಾರ ಬರದಿದ್ದ ಅಳು ಈಗ ಬಂತು, ನಗುವಿನ ಜೊತೆಯೇ ಬಂತು. ಕಿಟಕಿ ತೆರೆದು ಬಿಸಿಗಾಳಿಗೆ ಮುಖ ಕೊಟ್ಟು ಸುಮಾರು ಹೊತ್ತು ನಿಂತಳು.

ಮಾದರಿಗಳನ್ನು ಅದಲುಬದಲು ಮಾಡಿದ ಎನ್ನುವ ಸಾಲನ್ನು ಅಳಿಸಿದಳು.

ಆದರೆ ಸಹಿ? ಅದು ಉಳಿಯಿತು. ಅವನು ಅಲ್ಲಿರಲಿಲ್ಲ, ಆದರೂ ಸಹಿ ಹಾಕಿದ್ದ. ಯಾಕೆ?

ಸೋಮವಾರ ಬೆಳಿಗ್ಗೆ ಕುಬ್ರಾಬೇಗಂ ಮೇಡಂ ಎರಡೂ ಹಾಳೆ ನೋಡಿ ತುಂಬ ಹೊತ್ತು ತಲೆದೂಗಿದರು. ಹದಿನಾಲ್ಕನೇ ದಿನದ ಅಂಕಿಗಳನ್ನು ಮುಖ್ಯ ಪಟ್ಟಿಗೆ ಸೇರಿಸುವಂತಿಲ್ಲ, ನಡೆದದ್ದನ್ನು ನಡೆದಂತೆ ಬರೆ, ಮುಂದಿನ ಸಲ ಉಣ್ಣೆ ಕತ್ತರಿಸುವಾಗ ಮತ್ತೊಮ್ಮೆ ಮಾಡೋಣ ಎಂದರು. ದಾರದ ಬಣ್ಣವನ್ನು ಮಾಳಮ್ಮನನ್ನು ಕೇಳಿಯೇ ಆರಿಸಬೇಕು ಎಂದೂ ಸೇರಿಸಿದರು. ಹುಡುಗನಿಗೆ ಸಹಿಯ ವಿಷಯದಲ್ಲಿ ಒಂದು ಎಚ್ಚರಿಕೆಯ ಪತ್ರ, ಅಷ್ಟು ಸಾಕು. ಕೆಲಸ ಉಳಿಯಿತು.

*

ಮೌನೇಶ ಹನ್ನೊಂದರ ಬಸ್ಸಿಗೆ ಬಂದ. ನಾಗಲಕ್ಷ್ಮಿ ಹಿತ್ತಲಿನ ನಲ್ಲಿಯ ಬಳಿ ಕೊಳವೆಗಳನ್ನು ತೊಳೆದು ಬೇವಿನ ನೆರಳಲ್ಲಿ ಬೋರಲು ಹಾಕುತ್ತಿದ್ದಳು.

ಅಂಕಿಗಳು ಸರಿಹೋದವು ಎಂದು ಹೇಳಿದಳು. ಅವನು ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರುಬಿಟ್ಟ. ತಾನು ಬರೆದಿದ್ದ ಸಾಲನ್ನೂ ಅವಳು ಮುಚ್ಚಿಡಲಿಲ್ಲ, ಒಂದಕ್ಷರ ಬಿಡದೆ ಹೇಳಿದಳು.

"ತಪ್ಪಾತು ನಂದು. ಕೇಳದ ಬರದುಬಿಟ್ಟೆ."

"ನನ್ನ ತಪ್ಪೂ ಅದ್ರಿ. ಸಹಿ ಹಾಕಬಾರದಿತ್ತು. ಶಿವಲೀಲಾ ಹಿಡದ್ಲು ಅಂತ ವರದಿಯಾಗ ಬರೀರಿ. ಅದು ಖರೇ ಅದ."

"ಅವತ್ತು ಎಲ್ಲಿ ಹೋಗಿದ್ರಿ?"

ಅವನು ಒಂದು ಕೊಳವೆ ತೆಗೆದುಕೊಂಡು ಸುಮ್ಮನೆ ತೊಳೆಯತೊಡಗಿದ. ಅದು ಆಗಲೇ ತೊಳೆದಿತ್ತು.

"ಸುರಪುರಕ್ಕ."

"ಸುರಪುರದಾಗ ಏನು ಕೆಲಸ?"

"ನಿಮ್ಮ ಅಪ್ಪಾರನ್ನ ನೋಡಾಕ."

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಅವಳ ತಂದೆ ಅಮಾತೆಪ್ಪ ಸುರಪುರದ ಶಾಲೆಯೊಂದರಲ್ಲಿ ಜವಾನ. ಶಾಲೆಯ ಗಂಟೆ ಬಾರಿಸುವ ಮೊದಲೇ ಅವರನ್ನು ಮನೆಯಲ್ಲಿ ಹಿಡಿಯಬೇಕೆಂದು ಮೌನೇಶ ಮೊದಲ ಬಸ್ಸಿಗೆ ಹೋಗಿದ್ದ. ಮಧ್ಯಾಹ್ನದೊಳಗೆ ವಾಪಸಾಗುವ ಲೆಕ್ಕವಿತ್ತು. ಅಮಾತೆಪ್ಪ ಬಿಡಲಿಲ್ಲ. ಶಾಲೆಗೆ ರಜೆ ಹಾಕಿ ಅರ್ಧ ದಿನ ಎದುರು ಕೂರಿಸಿಕೊಂಡು ಎಲ್ಲ ಕೇಳಿದರು. ಎಷ್ಟು ಕುರಿ, ಎಷ್ಟು ಹೊಲ, ಸಂಬಳ ಎಷ್ಟು ದಿನ ಇರುತ್ತದೆ. ಒಂದನ್ನೂ ಹೆಚ್ಚು ಮಾಡಿ ಹೇಳಲಿಲ್ಲ ಎಂದ ಮೌನೇಶ. ಕೊನೆಗೆ ಅವಳ ತಾಯಿ ಅಯ್ಯಮ್ಮ ರೊಟ್ಟಿ ಬಡಿದು ಊಟಕ್ಕೆ ಹಾಕಿದಳಂತೆ.

"ಅಪ್ಪ ಏನಂದ?"

"ಆಕಿ ಒಮ್ಮೆ ನೊಂದಾಳ. ಮೊದಲ ಆಕಿನ್ನ ಕೇಳು, ಆಮ್ಯಾಲ ನನ್ನ ಹಂತ್ಯಾಕ ಬಾ. ಅಲ್ಲೀತನಕ ನಾವೂ ಬಾಯಿ ಬಿಡಂಗಿಲ್ಲ ಅಂದ್ರು."

"ಮತ್ತ ಕೇಳಲಿಲ್ಲ ಯಾಕ?"

"ಕೇಳಬೇಕಂತ ಬುಧವಾರ ಬಂದೆ. ನೀವು ಸೀಸೆ ಹಿಡಕೊಂಡು ನಿಂತಿದ್ರಿ."

ಇಸ್ತ್ರಿ ಮಾಡಿದ ಅಂಗಿ. ಬಾಚಿದ ತಲೆ. ಏನೋ ಹೇಳಲು ಹೊರಟು ನಿಂತ ಬಾಯಿ... ಎಲ್ಲವೂ ಅವಳಿಗೆ ಈಗ ಕಂಡಿತು.

"ಆಗಾದ್ರೂ ಹೇಳಬಾರದೇನು, ಇಂಥಾಕಡೆ ಹೋಗಿದ್ದೆ ಅಂತ?"

"ಹೆಂಗ ಹೇಳಲಿ? ತಪ್ಪು ಮುಚ್ಚಾಕ ಲಗ್ನದ ಮಾತು ತಗದಂಗ ಆಗ್ತಿತ್ತು. ನೀವು ನನ್ನ ಕಳ್ಳ ಅಂದ್ರೂ ತಡಕೋತಿದ್ದೆ. ಈ ಮಾತನ್ನ ಸುಳ್ಳ ಅಂದಿದ್ರ..."

ಅವನು ಮುಗಿಸಲಿಲ್ಲ. ಅವಳಿಗೂ ಮುಗಿಸುವುದು ಬೇಕಿರಲಿಲ್ಲ.

ಬೇವಿನ ಮರದಲ್ಲಿ ಗಾಳಿ ಬಂತು. ಎರಡು ವರ್ಷ ಅವಳು ಗಂಡಸರ ಮಾತುಗಳನ್ನು ತೂಗಿ ನೋಡುತ್ತ ಬದುಕಿದ್ದಳು. ತನ್ನ ಹೆಸರು ಹೋದರೂ ಸರಿ, ಒಂದು ಮಾತು ಕೆಡಬಾರದೆಂದು ಬಾಯಿ ಕಟ್ಟಿಕೊಂಡ ಒಬ್ಬನ ಮೌನವನ್ನು ತೂಗುವ ತಕ್ಕಡಿ ಅವಳ ಬಳಿ ಇರಲಿಲ್ಲ. ಅದು ಇಲ್ಲದ್ದಕ್ಕೆ ಅವಳಿಗೆ ಈಗ ಭಯವೂ ಆಗಲಿಲ್ಲ.

ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಈಗ ಸೀಸೆ ಹಿಡದಿಲ್ಲ. ಈಗ ಕೇಳ್ರಿ."

ಮೌನೇಶ ಅವಳ ಕಡೆ ತಿರುಗಿದ. ಇಷ್ಟು ದಿನ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋದವನಂತೆ ಕಂಡ.

"ನಮ್ಮ ಮನಿಯಾಗ ಕುರಿ ವಾಸನಿ ಇರ್ತದ್ರಿ."

"ನನ್ನ ಕೈಯಾಗ ಆ್ಯಸಿಡ್ ವಾಸನಿ ಇರ್ತದ. ಎಷ್ಟು ತೊಳದ್ರೂ ಹೋಗಂಗಿಲ್ಲ."

"ಅದು ನನಗ ಗೊತ್ತದ." ಅವನ ದನಿ ತಗ್ಗಿತು. "ನನ್ನ ಲಗ್ನ ಆಗ್ತೀರಾ?"

ಅವಳು ಮೊಬೈಲ್ ತೆಗೆದು ಒಂದು ನಂಬರು ಒತ್ತಿ ಅವನ ಕೈಗೆ ಕೊಟ್ಟಳು. ಅದು ಆಗಲೇ ರಿಂಗಾಗುತ್ತಿತ್ತು.

"ಯಾರಿಗೆ ಹಚ್ಚಿದ್ರಿ?"

"ಅಪ್ಪಗ. ಕೇಳಿದೆ ಅಂತ ಹೇಳ್ರಿ."

"ಆಕಿ ಏನಂದ್ಲು ಅಂತ ಕೇಳಿದ್ರ?"

ಆ ಕಡೆಯಿಂದ ಅಮಾತೆಪ್ಪನ ಹಲೋ ಕೇಳಿಸಿತು. ನಾಗಲಕ್ಷ್ಮಿ ಅವನ ಹತ್ತಿರ ಸರಿದು, ಫೋನಿಗೂ ಅವನ ಕಿವಿಗೂ ಒಟ್ಟಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು.

"ಹೂಂ ಅಂದ್ಲು ಅಂತ ಹೇಳ್ರಿ."